ನೀಲಿ ಮುಚ್ಚಳದ ನೀರು

ನನ್ನ ವ್ಯಾನಿಗೆ ಬಾಯಿ ಇದ್ದಿದ್ದರೆ ನಾವಿಬ್ಬರೂ ದಿನಾ ನಡುಬೀದಿಯಲ್ಲಿ ನಿಂತು ಜಗಳವಾಡುತ್ತಿದ್ದೆವು. ಬಾಯಿ ಇಲ್ಲ, ಬರೀ ದೀಪಗಳಿವೆ. ಹಳದಿ ದೀಪ ಹತ್ತಿದರೆ ಮುನಿಸು, ಕೆಂಪು ದೀಪ ಹತ್ತಿದರೆ ಮುಷ್ಕರ. ಹಳೆಯ ಗಾಡಿಗಳು ಕೆಟ್ಟರೆ ಕೆಮ್ಮುತ್ತಿದ್ದವು, ಕಪ್ಪಗೆ ಹೊಗೆ ಉಗುಳುತ್ತಿದ್ದವು, ಒಂದು ಒದ್ದರೆ ಓಡುತ್ತಿದ್ದವು. ಇದು ಹಾಗಲ್ಲ. ಎಂಜಿನ್ ಗುಂಡುಕಲ್ಲಿನ ಹಾಗಿದ್ದರೂ ಹೊಗೆ ಕೊಳವೆಯಲ್ಲಿ ಏನೋ ಸರಿಯಿಲ್ಲ ಎಂದು ಮೂತಿ ಉಬ್ಬಿಸಿಕೊಂಡು ಕೂರುತ್ತದೆ. ವ್ಯಾನ್ ಸ್ಟ್ಯಾಂಡಿನವರು ನನಗೆ 'ಸೈಲೆನ್ಸರ್ ಇಲ್ಲದ ಅಕ್ಕ' ಎಂದು ಹೆಸರಿಟ್ಟಿದ್ದಾರೆ. ಇಂಥ ಗಾಡಿ ಗಂಟುಬಿದ್ದರೆ ಯಾರಿಗೆ ತಾನೇ ಸೈಲೆನ್ಸರ್ ಉಳಿಯುತ್ತದೆ?

ನಾನು ಓಡಿಸುವುದು ಲಾಂಡ್ರಿ ವ್ಯಾನು. ಹೋಟೆಲುಗಳ ಹಾಸುಬಟ್ಟೆ, ಟವೆಲು, ದಿಂಬಿನ ಚೀಲ ಎಲ್ಲ ಗಂಟು ಕಟ್ಟಿ ತರುವುದು, ಒಗೆಸಿ ಇಸ್ತ್ರಿಯಾದ ಮೇಲೆ ವಾಪಸು ಮುಟ್ಟಿಸುವುದು. ವಾರದಲ್ಲಿ ಮೂರು ಬೆಳಿಗ್ಗೆ ಆ ಕೆಲಸಕ್ಕೆ ಮುಂಚೆ ಅಣ್ಣನನ್ನು ಡಯಾಲಿಸಿಸ್ ಸೆಂಟರಿಗೆ ಬಿಡಬೇಕು. ಅವನ ಎರಡೂ ಕಿಡ್ನಿ ಕೈಕೊಟ್ಟಿವೆ. ಯಂತ್ರ ಅವನ ರಕ್ತ ತೊಳೆಯುತ್ತದೆ, ಅಷ್ಟರಲ್ಲಿ ನಾನು ಹೋಟೆಲುಗಳ ಕೊಳೆ ಬಟ್ಟೆ ಹೊತ್ತು ಮುಗಿಸುತ್ತೇನೆ. ಬೆಳಗಿನ ಸರದಿಯ ಕುರ್ಚಿ ಅಲ್ಲಿ ಸುಮ್ಮನೆ ಸಿಗುವುದಿಲ್ಲ. ವ್ಯಾನಿನ ಮುನಿಸಿನಿಂದ ನಾವು ಆಗಲೇ ಎರಡು ಸಲ ತಡವಾಗಿ ಹೋಗಿದ್ದೆವು. ಎರಡನೆಯ ಸಲ ದೊಡ್ಡ ಸಿಸ್ಟರ್ ಬಾಗಿಲಲ್ಲೇ ನಿಲ್ಲಿಸಿ, ನನ್ನದು ಬೇಜವಾಬ್ದಾರಿ ಎಂದು ಮುಖಕ್ಕೆ ಹೇಳಿ, ಇನ್ನೊಂದು ಸಲ ಹೀಗಾದರೆ ಕುರ್ಚಿ ಕಾಯುತ್ತಿರುವವರ ಪಾಲು ಎಂದಿದ್ದರು. ಆಮೇಲೆ ಉಳಿಯುವುದು ದೂರದ ಊರಿನ ಆಸ್ಪತ್ರೆ. ಅಷ್ಟು ದೂರ ಹೋಗಿ, ಸೂಜಿ ಚುಚ್ಚಿಸಿಕೊಂಡು, ಅಷ್ಟೇ ದೂರ ವಾಪಸು ಬರುವ ಶಕ್ತಿ ಅಣ್ಣನ ಮೈಯಲ್ಲಿ ಇರಲಿಲ್ಲ. ಅದು ಸಿಸ್ಟರಿಗೂ ಗೊತ್ತು, ನನಗೂ ಗೊತ್ತು.

ಅಣ್ಣ ಪೆಟ್ರೋಲ್ ಮೆಕ್ಯಾನಿಕ್. 'ಆಗಿದ್ದ' ಎಂದರೆ ಅವನಿಗೆ ಸಿಟ್ಟು ಬರುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ತುದಿಯ ಬಣ್ಣ ನೋಡಿ ಎಂಜಿನ್ನಿನ ಜಾತಕ ಹೇಳುತ್ತಿದ್ದವನು. ಊರಿನ ಗ್ಯಾರೇಜುಗಳಲ್ಲಿ ಈಗ ಇರುವ ಅರ್ಧಕ್ಕರ್ಧ ಜನ ಅವನ ಕೈಕೆಳಗೆ ಸ್ಪ್ಯಾನರ್ ಹಿಡಿಯಲು ಕಲಿತವರು, ಇವತ್ತಿಗೂ ಗುರುಗಳೇ ಎನ್ನುತ್ತಾರೆ. ಡೀಸೆಲ್ ಕಂಡರೆ ಮಾತ್ರ ಅವನಿಗೆ ಆಗದು. ಪೆಟ್ರೋಲ್ ಮರ್ಯಾದಸ್ಥ, ಒಂದು ಕಿಡಿ ತೋರಿಸಿದರೆ ಹೊತ್ತಿಕೊಳ್ಳುತ್ತದೆ. ಡೀಸೆಲ್ ಒರಟ, ಅದಕ್ಕೆ ಕಿಡಿ ಸಾಲದು, ಗಾಳಿಯನ್ನು ಹಿಂಡಿ ಹಿಂಡಿ ಕೆಂಡದ ಹಾಗೆ ಕಾಯಿಸಿ ಅದರೊಳಗೆ ಚಿಮ್ಮಿಸಿದರೆ ಮಾತ್ರ ಉರಿಯುತ್ತದೆ ಎನ್ನುತ್ತಿದ್ದ. ಅವನಿಗೆ ಗೊತ್ತಿದ್ದ ಡೀಸೆಲ್ ಅಲ್ಲಿಗೇ ಮುಗಿಯುತ್ತದೆ. ಅಷ್ಟು ಕಾವಿನಲ್ಲಿ ಗಾಳಿಯೇ ಸುಟ್ಟು ವಿಷವಾಗುತ್ತದೆ ಎಂಬುದು, ಅದನ್ನು ಕೊಳವೆಯಲ್ಲೇ ತಡೆದು ಸರಿಮಾಡಿ ಹೊರಗೆ ಬಿಡಬೇಕು ಎಂಬುದು, ಅದಕ್ಕೆಂದು ಡಬ್ಬಿಯ ಮೇಲೆ ಡಬ್ಬಿ ಬಂದಿವೆ ಎಂಬುದು, ಇದೆಲ್ಲ ಅವನು ಹಾಸಿಗೆ ಹಿಡಿದ ಮೇಲೆ ಬಂದದ್ದು.

ಗೊತ್ತಿಲ್ಲದಿದ್ದರೂ ಕೈ ಸುಮ್ಮನಿರಬೇಕಲ್ಲ. ಒಂದು ಸಲ ನಾನಿಲ್ಲದಾಗ ಬಾನೆಟ್ ಎತ್ತಿ, ಇಷ್ಟೊಂದು ವೈರು ಯಾಕೆ ಬೇಕು ಎಂದು ಯಾವುದೋ ಸೆನ್ಸರಿನ ವೈರು ಕಿತ್ತಿದ್ದ. ಅವತ್ತು ನಾನು ಮನೆಯ ಹೆಂಚು ಹಾರುವ ಹಾಗೆ ಕೂಗಾಡಿದೆ. ಇನ್ನು ಮೇಲೆ ನನ್ನ ಗಾಡಿಗೆ ಕೈ ಹಚ್ಚಿದರೆ ನಾನು ನಿನ್ನ ತಂಗಿಯೇ ಅಲ್ಲ ಎಂದೆ. ಅವನು ಕೈಯೊರೆಸುವ ಬಟ್ಟೆಯನ್ನು ಮಡಿಸಿ ಕಿಟಕಿಯ ಮೇಲಿಟ್ಟು ಒಳಗೆ ಹೋದ.

ಇದು ಸಾಲದು ಎಂಬಂತೆ ಮನೆಯಲ್ಲಿ ನೀರಿನ ಜಗಳ. ಕಿಡ್ನಿ ಹೋದವರಿಗೆ ನೀರೇ ಶತ್ರು. ಕುಡಿದ ನೀರು ಹೊರಗೆ ಹೋಗುವುದಿಲ್ಲ, ಕಾಲಿಗೆ ಇಳಿಯುತ್ತದೆ, ಎದೆಗೆ ಏರುತ್ತದೆ. ಅತ್ತಿಗೆ ಬೆಳಿಗ್ಗೆ ಒಂದು ಸಣ್ಣ ತಂಬಿಗೆಯಲ್ಲಿ ಅಳೆದು ಕೊಡುತ್ತಾರೆ, ಇಡೀ ದಿನಕ್ಕೆ ಅಷ್ಟೇ. ಇತ್ತೀಚೆಗೆ ಅಡುಗೆಮನೆಯ ಕುಡಿಯುವ ನೀರಿನ ಕ್ಯಾನು ಲೆಕ್ಕ ತಪ್ಪಿ ಖಾಲಿಯಾಗುತ್ತಿತ್ತು. ಅತ್ತಿಗೆ ಕಾವಲು ಕೂತರು. ಒಂದು ಸಂಜೆ ಅಣ್ಣ ಹೆಗಲ ಟವೆಲ್ಲಿನ ಕೆಳಗೆ ನೀರಿನ ಬಾಟಲಿ ಬಚ್ಚಿಟ್ಟುಕೊಂಡು ಮೆಟ್ಟಿಲಿಳಿಯುವುದನ್ನು ಕಂಡರು. ಸಿಕ್ಕಿಬಿದ್ದ ಕಳ್ಳನಿಗೆ ಇನ್ನೇನು ಬಾಕಿ? ಕುಡಿದೆಯಾ ಎಂದು ಕೇಳಿದರೆ ಇಲ್ಲ ಎಂದ. ಮತ್ತೆ ಬಾಟಲಿ ಯಾಕೆ ಎಂದರೆ ಗೋಡೆ ನೋಡಿದ. ಅತ್ತಿಗೆ ಅತ್ತರು. ನಾನು ಅತ್ತಿಗೆಯ ಕಡೆ ಸೇರಿ, ನಾವೆಲ್ಲ ನಿನಗಾಗಿ ಸಾಯುತ್ತಿದ್ದರೆ ನೀನು ಕದ್ದು ನೀರು ಕುಡಿದು ಸಾಯಲು ಹೊರಟಿದ್ದೀಯ, ಎಲ್ಲ ನೀರಲ್ಲಿ ಹೋಮ ಎಂದು ಬಾಯಿಗೆ ಬಂದದ್ದು ಅಂದೆ. ಅವತ್ತಿನಿಂದ ಕ್ಯಾನು ಅತ್ತಿಗೆಯ ಬೀರುವಿನಲ್ಲಿ, ಬೀಗದೊಳಗೆ.

ಅದರ ಮರುದಿನವೇ ವ್ಯಾನಿನ ಹಳದಿ ದೀಪ ಹತ್ತಿತು. ನೀಲಿ ಮುಚ್ಚಳದ ಟ್ಯಾಂಕಿನಲ್ಲಿ ದೋಷವಿದೆ ಎಂಬ ಸೂಚನೆ. ಡೀಸೆಲ್ ಮುಚ್ಚಳದ ಪಕ್ಕದಲ್ಲೇ ಇರುವ ಈ ಸಣ್ಣ ಟ್ಯಾಂಕಿಗೆ ಯೂರಿಯಾ ದ್ರವ ಹಾಕಬೇಕು. ಬಿಸಿ ಹೊಗೆಯ ಮೇಲೆ ಅದನ್ನು ತುಂತುರಾಗಿ ಸಿಂಪಡಿಸಿದರೆ ಹೊಗೆಯ ವಿಷ ಮುರಿದು ಬರೀ ಗಾಳಿ ಮತ್ತು ಹಬೆಯಾಗಿ ಹೊರಗೆ ಹೋಗುತ್ತದಂತೆ. ಮುಗಿದರೆ ಗಾಡಿ ಮೊದಲು ದೀಪ ಹತ್ತಿಸುತ್ತದೆ, ಆಮೇಲೆ ಇನ್ನಿಷ್ಟು ದೂರ ಮಾತ್ರ ಓಡುತ್ತೇನೆ ಎನ್ನುತ್ತದೆ, ಕೊನೆಗೆ ಒಮ್ಮೆ ಆರಿಸಿದರೆ ಮತ್ತೆ ಸ್ಟಾರ್ಟ್ ಆಗುವುದೇ ಇಲ್ಲ. ಆದರೆ ನನ್ನ ಟ್ಯಾಂಕು ತುಂಬಿತ್ತು! ಮುಳ್ಳು ಮೇಲೆಯೇ ನಿಂತಿತ್ತು. ಲಾಂಡ್ರಿಯ ವಾಚ್‌ಮನ್ ಆಗಾಗ ತುಂಬಿಸಿಡುತ್ತಾನೆ, ಅವನೇ ಹಾಕಿರಬೇಕು ಎಂದುಕೊಂಡಿದ್ದೆ. ತುಂಬಿದ ಹೊಟ್ಟೆಯಲ್ಲಿ ಹಸಿವು ಎಂದು ಅಳುವ ಗಾಡಿಗೆ ಏನು ಹೇಳುವುದು? ಸೆನ್ಸರ್ ಹುಚ್ಚು ಹಿಡಿದಿದೆ ಎಂದುಕೊಂಡು ಓಡಿಸಿದೆ.

ಮುಂದಿನ ಸರದಿಯ ಬೆಳಿಗ್ಗೆ ಅಣ್ಣನನ್ನು ಕೂರಿಸಿಕೊಂಡು ಹೊರಟಾಗ ಸಮಯ ಬೇಕಾದಷ್ಟಿತ್ತು. ಬೈಪಾಸ್ ರಸ್ತೆ ಹತ್ತುವಾಗ 'ಇನ್ನಿಷ್ಟು ದೂರ' ಎಂಬುದು ಸೊನ್ನೆಗೆ ಬಂದು ನಿಂತಿತು. ಎಂಜಿನ್ ಓಡುತ್ತಲೇ ಇತ್ತು. ಆರಿಸದಿದ್ದರೆ ಆಯಿತು, ಸೆಂಟರಿನ ಬಾಗಿಲವರೆಗೆ ಹೀಗೇ ಹೋಗಿಬಿಡೋಣ ಎಂದುಕೊಂಡೆ. ಆದರೆ ಮನಸ್ಸು ಕೇಳಬೇಕಲ್ಲ, ದಾರಿಯಲ್ಲಿ ಬಂಕ್ ಕಂಡಿತು. ಟ್ಯಾಂಕು ತುಂಬಿದ್ದರೂ ಹಿಡಿದಷ್ಟು ಯೂರಿಯಾ ಸುರಿದರೆ ಇದರ ಬಾಯಿ ಮುಚ್ಚಬಹುದು ಎಂದು ಒಳಗೆ ತಿರುಗಿಸಿದೆ. ಬಂಕಿನವನು ಎರಡೂ ಕೈ ಎತ್ತಿ ಓಡಿಬಂದು, ಎಂಜಿನ್ ಆಫ್, ಎಂಜಿನ್ ಆಫ್ ಎಂದು ಗದರಿದ. ಬಂಕಿನೊಳಗೆ ಎಂಜಿನ್ ಆರಿಸುವುದು ನನಗೆ ಮೈಗಂಟಿದ ಅಭ್ಯಾಸ. ನಾನು ಅವನಿಗೆ ವಿವರಿಸಲು ಬಾಯಿ ತೆರೆಯುತ್ತಿದ್ದ ಹಾಗೆ ನನ್ನ ಕೈ ತನ್ನಷ್ಟಕ್ಕೆ ಕೀಲಿ ತಿರುಗಿಸಿಬಿಟ್ಟಿತು.

ಆಮೇಲೆ ಎಷ್ಟು ತಿರುಗಿಸಿದರೂ ಅಷ್ಟೇ. ಎಂಜಿನ್ ತಿರುಗಲೂ ಇಲ್ಲ, ಗೊರಗುಟ್ಟಲೂ ಇಲ್ಲ, ಕೆಂಪು ದೀಪ ಮಾತ್ರ ನನ್ನನ್ನೇ ನೋಡುತ್ತಿತ್ತು. ಸ್ಟೇರಿಂಗಿಗೆ ಗುದ್ದಿದೆ, ಕೈ ನೋಯಿತು. ಬಂಕಿನವನನ್ನು ಬೈದೆ, ಅವನು ತನ್ನ ತಪ್ಪೇನು ಎಂದು ಕೇಳಿದ, ಅವನ ತಪ್ಪೇನೂ ಇರಲಿಲ್ಲ. ಟ್ಯಾಕ್ಸಿಗಳಿಗೆ ಫೋನ್ ಹಚ್ಚಿದೆ. ಬೆಳಗಿನ ಹೊತ್ತು, ಎಲ್ಲರೂ ಪೇಟೆಯೊಳಗಿನ ಬಾಡಿಗೆಯಲ್ಲಿದ್ದರು, ಬರುತ್ತೇನೆಂದ ಒಬ್ಬನೂ ಆಮೇಲೆ ಫೋನ್ ಎತ್ತಲಿಲ್ಲ. ಕೊನೆಗೆ ಸ್ಕ್ಯಾನರನ್ನು ಕರೆದೆ. ಅವನ ಗ್ಯಾರೇಜು ಅಲ್ಲೇ ಹತ್ತಿರ. ಯಾವ ಗಾಡಿ ಬಂದರೂ ಮೊದಲು ಕಂಪ್ಯೂಟರ್ ಚುಚ್ಚಿ ನೋಡುವುದರಿಂದ ಅವನಿಗೆ ಆ ಹೆಸರು. ಅವನೂ ಅಣ್ಣನ ಶಿಷ್ಯನೇ.

ಅಣ್ಣ ಕಣ್ಣು ಮುಚ್ಚಿ ಸೀಟಿಗೆ ಒರಗಿದ್ದ. ಕಾಲು ಬಾತು ಚಪ್ಪಲಿಯ ಪಟ್ಟಿ ಮಾಂಸದೊಳಗೆ ಹೂತಿತ್ತು. ಕದ್ದು ಕುಡಿದ ನೀರೇ ಇದು ಎಂದು ನನಗೆ ಮತ್ತೆ ರೇಗಿತು.

ಸ್ಕ್ಯಾನರ್ ಬಂದವನೇ ಗುರುಗಳಿಗೆ ಕೈಮುಗಿದು, ಪೆಟ್ಟಿಗೆ ಚುಚ್ಚಿ, ಹಲ್ಲಿನ ಸಂದಿಯಲ್ಲಿ ಸಿಳ್ಳು ಹಾಕುತ್ತಾ ಓದಿದ. ಯೂರಿಯಾ ಸಿಂಪಡಣೆ ಆಗುತ್ತಿದೆ, ಆದರೆ ಕೊಳವೆಯ ತುದಿಯಲ್ಲಿ ಹೊಗೆಯ ವಿಷ ಒಂದು ಚೂರೂ ಇಳಿದಿಲ್ಲ ಎಂದ. ಆ ಡಬ್ಬಿಗಳನ್ನೆಲ್ಲ ಕಿತ್ತು ಬಿಸಾಡು, ನನಗೆ ಗಾಡಿ ಸ್ಟಾರ್ಟ್ ಆದರೆ ಸಾಕು ಎಂದೆ. ಕಿತ್ತರೆ ಕಂಪ್ಯೂಟರಿಗೆ ಇನ್ನೂ ಸಿಟ್ಟು ಬರುತ್ತದೆ ಅಕ್ಕ ಎಂದ. ನೀಲಿ ಮುಚ್ಚಳ ತೆಗೆದು, ಒಂದು ಕೊಳವೆ ಇಳಿಬಿಟ್ಟು ಎರಡು ಹನಿ ತೆಗೆದು, ಬಿಸಿ ಬಾನೆಟ್ಟಿನ ಮೇಲೆ ಸವರಿದ. ಯೂರಿಯಾ ಇದ್ದಿದ್ದರೆ ಒಣಗಿದ ಮೇಲೆ ಉಪ್ಪಿನ ಹಾಗೆ ಬಿಳಿ ಪುಡಿ ನಿಲ್ಲಬೇಕಿತ್ತು. ನಾವಿಬ್ಬರೂ ಬಗ್ಗಿ ನೋಡಿದೆವು. ಒಣಗಿದ ಜಾಗ ಹೆಚ್ಚುಕಡಿಮೆ ಸ್ವಚ್ಛವಾಗಿತ್ತು.

"ಅಕ್ಕ, ಇದು ಬರೀ ನೀರು. ಯಾರೋ ನೀರು ತುಂಬಿಸಿದ್ದಾರೆ."

ನನಗೆ ತಲೆ ಕೆಟ್ಟು ಹೋಯಿತು. ಯಾವ ಕತ್ತೆ, ಯಾವ ಮೂರೂ ಬಿಟ್ಟವನು ಈ ಕೆಲಸ ಮಾಡಿದ್ದು ಎಂದು ಬಂಕಿನವರೆಲ್ಲ ತಿರುಗಿ ನೋಡುವ ಹಾಗೆ ಕೂಗಿದೆ. ವಾಚ್‌ಮನ್‌ಗೆ ಫೋನ್ ಮಾಡಿ ಜಾಡಿಸಿದೆ. ಅವನು ಈ ತಿಂಗಳು ನಿನ್ನ ಗಾಡಿ ಮುಟ್ಟಿಲ್ಲ ತಾಯಿ ಎಂದು ಆಣೆ ಹಾಕಿದ. ಹೋಟೆಲಿನ ಹಿಂಬಾಗಿಲಿನವರ ಮೇಲೆ ಅನುಮಾನ ಪಟ್ಟೆ, ಪಕ್ಕದ ಮನೆಯ ಮೇಲೆ ಅನುಮಾನ ಪಟ್ಟೆ. ಸ್ಕ್ಯಾನರ್ ನಗು ತಡೆದುಕೊಂಡು, ಟ್ಯಾಂಕು ಬಸಿದು ಹೊಸದು ತುಂಬಬೇಕು, ಆಮೇಲೆ ಕಂಪ್ಯೂಟರನ್ನು ಒಪ್ಪಿಸುತ್ತೇನೆ ಎಂದು ಬಕೆಟ್ ತರಲು ಬಂಕಿನ ಹಿಂದಕ್ಕೆ ಹೋದ.

ಅಣ್ಣ ಕಣ್ಣು ತೆರೆದ. ನನ್ನ ಸೆರಗಿನ ತುದಿ ಹಿಡಿದು ಜಗ್ಗಿದ.

"ಕೂಗಬೇಡ ಕಣೆ. ಹಾಕಿದ್ದು ನಾನು."

ನನಗೆ ಅರ್ಥವಾಗಲಿಲ್ಲ. ಅವನು ನಿಧಾನವಾಗಿ, ಉಸಿರು ಎಳೆದುಕೊಳ್ಳುತ್ತಾ ಹೇಳಿದ. ಒಂದು ರಾತ್ರಿ ಊಟಕ್ಕೆ ಕೂತಾಗ ನಾನೇ ಹೇಳಿದ್ದೆನಂತೆ, ಗಾಡಿಯಲ್ಲಿ ನೀರು ಮುಗೀತಾ ಬಂದಿದೆ, ನೀರು ಹಾಕೋದು ಮರೆತರೆ ಸೆಂಟರಿಗೆ ಹೋಗೋ ದಿನವೇ ನಿಂತುಬಿಡುತ್ತೆ ಎಂದು. ಹೇಳಿಯೇ ಇರಬೇಕು. ನಮ್ಮ ಸ್ಟ್ಯಾಂಡಿನಲ್ಲಿ ಅದನ್ನು ಯಾರೂ ಯೂರಿಯಾ ಎನ್ನುವುದಿಲ್ಲ. ನೋಡಲು ನೀರಿನ ಹಾಗೇ ಇರುತ್ತದೆ, ನೀರು ಎಂದೇ ಕರೆಯುತ್ತೇವೆ. ನೀರು ಹಾಕಿದೆಯಾ, ನೀರು ಎಷ್ಟಿದೆ, ಇದೇ ಮಾತು. ಅಣ್ಣ ಮೊದಲು ರೇಡಿಯೇಟರ್ ನೋಡಿದ್ದಾನೆ, ಅದು ತುಂಬಿತ್ತು. ವೈಪರ್ ನೀರಿನ ಡಬ್ಬಿಯೂ ತುಂಬಿತ್ತು. ಆಮೇಲೆ ನೀಲಿ ಮುಚ್ಚಳ ಕಂಡಿದೆ, ತೆಗೆದು ನೋಡಿದರೆ ತಳದಲ್ಲಿ ನೀರಿನಂಥದ್ದೇ ಇದೆ. ನಲ್ಲಿ ನೀರಲ್ಲಿ ಸುಣ್ಣ ಇರುತ್ತದೆ, ಕೊಳವೆ ಕಟ್ಟಿಕೊಳ್ಳುತ್ತದೆ ಎಂದು ಕುಡಿಯುವ ನೀರನ್ನೇ ಹಾಕಿದ್ದಾನೆ. ಸೂಜಿ ಚುಚ್ಚುವ ಕೈಯಲ್ಲಿ ಕ್ಯಾನು ಎತ್ತುವ ಹಾಗಿಲ್ಲ, ಅದಕ್ಕೇ ದಿನಕ್ಕೊಂದೊಂದು ಬಾಟಲಿ, ಟವೆಲ್ಲಿನ ಕೆಳಗೆ.

ಬಾಟಲಿ ಸಿಕ್ಕಿಬಿದ್ದ ದಿನ ಬಾಯಿ ಬಿಟ್ಟು ಹೇಳಲು ಏನಾಗಿತ್ತು ಎಂದು ಕೇಳಿದೆ.

"ಗಾಡಿ ಮುಟ್ಟಬೇಡ ಅಂದಿದ್ದೆಯಲ್ಲ. ಮುಟ್ಟಿದ್ರೆ ತಂಗಿನೇ ಅಲ್ಲ ಅಂದಿದ್ದೆ."

ನನಗೆ ಅವನ ಮೇಲೆ ಎಂಥ ಸಿಟ್ಟು ಬಂತೆಂದರೆ, ಅಷ್ಟು ಸಿಟ್ಟು ಆ ವ್ಯಾನಿನ ಮೇಲೂ ಯಾವತ್ತೂ ಬಂದಿರಲಿಲ್ಲ. ಕುರ್ಚಿ ಹೋಗುತ್ತಿದೆ, ಗಂಟೆ ಓಡುತ್ತಿದೆ, ಎಲ್ಲ ಇವನ ಒಳ್ಳೆಯತನದಿಂದ. ನನ್ನ ಮೇಲೂ ಬಂತು. ಯಾರನ್ನು ಮೊದಲು ಬೈಯಬೇಕು ಎಂದೇ ತೋಚಲಿಲ್ಲ. ಅಷ್ಟರಲ್ಲಿ ಸ್ಕ್ಯಾನರ್ ಬಕೆಟ್ ಹಿಡಿದು ಬಂದ. ಟ್ಯಾಂಕು ಬಸಿಯುತ್ತಾ, ಕತ್ತೆ ಯಾರೆಂದು ಗೊತ್ತಾಯಿತಾ ಅಕ್ಕ ಎಂದು ಕೇಳಿದ. ಅಣ್ಣನ ಮುಖ ಇಳಿದದ್ದು ನನಗೆ ಕಾಣಿಸಿತು.

"ನಾನೇ ಕಣಪ್ಪ. ಆತುರದಲ್ಲಿ ಡಬ್ಬಿ ಅದಲುಬದಲು ಮಾಡ್ಕೊಂಡೆ," ಎಂದು ನಾನು ಅಂದೆ.

ಸ್ಕ್ಯಾನರ್ ಬಕೆಟ್ ಕೆಳಗಿಟ್ಟು ಹೊಟ್ಟೆ ಹಿಡಿದು ನಕ್ಕ. ಇಷ್ಟು ಹೊತ್ತು ಊರಿಗೆಲ್ಲ ಶಾಪ ಹಾಕುತ್ತಿದ್ದವರು ನೀವೇ ಅಲ್ವಾ ಎಂದ. ಸಂಜೆಯ ಹೊತ್ತಿಗೆ ಸ್ಟ್ಯಾಂಡಿನಲ್ಲಿ ನನಗೆ ಹೊಸ ಹೆಸರು ಬಿದ್ದಿರುತ್ತದೆ ಎಂದು ಗೊತ್ತಿತ್ತು. ಬೀಳಲಿ. ಹೊಸ ಯೂರಿಯಾ ತುಂಬಿ, ಕಂಪ್ಯೂಟರಿಗೆ ಪರೀಕ್ಷೆ ಮಾಡಿಸಿ, ಅದು ತಲೆಯಾಡಿಸುವವರೆಗೆ ಕಾದು, ಕೀಲಿ ತಿರುಗಿಸಿದಾಗ ಎಂಜಿನ್ ಏನೂ ಆಗಿಯೇ ಇಲ್ಲವೆಂಬ ಹಾಗೆ ಹೊತ್ತಿಕೊಂಡಿತು. ಹಾಳಾದದ್ದು!

ದಾರಿಯಲ್ಲಿ ಅಣ್ಣ, ಆ ನೀರಿನಲ್ಲಿ ಏನಿರುತ್ತದೆ ಎಂದು ಕೇಳಿದ. ಯೂರಿಯಾ ಎಂದೆ. ಡಾಕ್ಟರ್ ತನ್ನ ರಕ್ತದಲ್ಲಿ ಜಾಸ್ತಿಯಾಗಿದೆ ಎನ್ನುವುದೂ ಅದನ್ನೇ ಅಲ್ಲವಾ ಎಂದ. ಅದೇ ಎಂದೆ.

"ನನ್ನೊಳಗೆ ಜಾಸ್ತಿ, ನಿನ್ನ ಗಾಡಿಯೊಳಗೆ ಕಮ್ಮಿ. ನಡುವೆ ಒಂದು ಪೈಪ್ ಹಾಕಿಬಿಟ್ಟಿದ್ರೆ ಇಬ್ರೂ ಉದ್ಧಾರ ಆಗ್ತಿದ್ವಿ."

ನಗು ಬಂತು, ನಗಲಿಲ್ಲ. ನಗುವಷ್ಟು ಸಮಯವೂ ಇರಲಿಲ್ಲ.

ಸೆಂಟರಿನ ಬಾಗಿಲು ಮುಟ್ಟುವಾಗ ಸರದಿ ಶುರುವಾಗಿ ಎಷ್ಟೋ ಹೊತ್ತಾಗಿತ್ತು. ಒಳಗೆ ಯಂತ್ರಗಳು ಟಿಕ್ ಟಿಕ್ ಅನ್ನುತ್ತಿದ್ದವು. ಅಣ್ಣನ ಕುರ್ಚಿ ಇನ್ನೂ ಖಾಲಿ, ಆದರೆ ಅದರ ಮೇಲೆ ಬೇರೆಯವರ ಹೊದಿಕೆ ಮಡಿಸಿಟ್ಟಿತ್ತು. ಕಾರಿಡಾರಿನ ಬೆಂಚಿನ ಮೇಲೆ ಬಟ್ಟೆಚೀಲ ಮಡಿಲಲ್ಲಿಟ್ಟುಕೊಂಡು ಒಬ್ಬ ಸೊರಗಿದ ಯಜಮಾನರು ಕೂತಿದ್ದರು. ಕಾಯುತ್ತಿದ್ದವರು ಅವರೇ. ಸೂಜಿಗೆ ಅಣಿಮಾಡಿ ಅವರ ಕೈಗೆ ಆಗಲೇ ಪಟ್ಟಿ ಸುತ್ತಿದ್ದರು. ದೊಡ್ಡ ಸಿಸ್ಟರ್ ನಮ್ಮನ್ನು ನೋಡಿ, ಹೇಳಬೇಕಾದದ್ದನ್ನು ಹೋದ ಸಲವೇ ಹೇಳಿಯಾಗಿದೆ ಎಂದರು. ಅವರೇನೂ ಕೆಟ್ಟವರಲ್ಲ, ಆ ಯಜಮಾನರೂ ಎಷ್ಟೋ ದಿನದಿಂದ ಕಾದವರು. ಎಲ್ಲ ನನಗೆ ಗೊತ್ತು, ಆದರೂ ಜಗಳಕ್ಕೆ ಬಾಯಿ ತೆರೆದೆ. ಸೈಲೆನ್ಸರ್ ಇಲ್ಲದವಳ ಗಂಟಲಿನಿಂದ ಆವತ್ತು ಸದ್ದೇ ಹೊರಡಲಿಲ್ಲ.

ಅಣ್ಣ ಗೋಡೆ ಹಿಡಿದು ನಿಂತು ಮಾತಾಡಿದ. ಇವಳನ್ನು ಬೈಯಬೇಡಿ ಎಂದ. ಇವಳು ಗಾಡಿ ನೋಡಿಕೊಳ್ಳುವವಳೇ, ಗಾಡಿಯೂ ಒಳ್ಳೆಯದೇ, ಕೆಡಿಸಿದ್ದು ಮೆಕ್ಯಾನಿಕ್ ಆದ ನಾನು, ಯೂರಿಯಾ ಹಾಕುವ ಕಡೆ ಕುಡಿಯುವ ನೀರು ಹಾಕಿದೆ, ದಿನಾ ಒಂದು ಬಾಟಲಿ ಹಾಗೆ ತುಂಬಿಸಿದೆ ಎಂದ. ಬಂಕಿನಲ್ಲಿ ನಾನು ಮುಚ್ಚಿಟ್ಟದ್ದನ್ನು ಅವನು ಇಡೀ ಕಾರಿಡಾರಿಗೆ ಕೇಳುವ ಹಾಗೆ ಬಿಚ್ಚಿಟ್ಟ. ಕುರ್ಚಿ ಕೊಡುವುದು ಬಿಡುವುದು ನಿಮ್ಮಿಷ್ಟ, ಬೇಜವಾಬ್ದಾರಿ ಎಂಬ ಮಾತು ಮಾತ್ರ ಇವಳ ಮೇಲೆ ಇರಬಾರದು ಎಂದ.

ಯಾರೂ ನಗಲಿಲ್ಲ. ಬೆಂಚಿನ ಯಜಮಾನರು ತುಟಿ ಒರೆಸಿಕೊಂಡರು. ಅವರ ತುಟಿಯೂ ಅಣ್ಣನ ತುಟಿಯ ಹಾಗೇ ಒಡೆದಿತ್ತು.

"ಬಾಟಲಿ ತುಂಬ ನೀರು ಕೈಯಲ್ಲಿ ಹಿಡ್ಕೊಂಡು, ಒಂದು ಗುಟುಕೂ ಕುಡೀಲಿಲ್ವಾ?"

ಅಣ್ಣ ಇಲ್ಲ ಎಂದು ತಲೆಯಾಡಿಸಿದ. ಆಮೇಲೆ, ಕೇಳಿದವರಿಗೆ ಮಾತ್ರ ಹೇಳುವ ಹಾಗೆ, ಮೆಲ್ಲಗೆ ಅಂದ:

"ಸುರಿಯೋವಾಗ ಸದ್ದು ಕೇಳ್ತಿತ್ತು. ಗಾಡಿಯಾದ್ರೂ ಕುಡೀಲಿ ಅಂತ ನಿಂತ್ಕೊಂಡಿದ್ದೆ."

ಆ ಯಜಮಾನರು ಸ್ವಲ್ಪ ಹೊತ್ತು ಅಣ್ಣನ ಬಾತ ಕಾಲನ್ನೇ ನೋಡಿದರು. ಆಮೇಲೆ ಚೀಲ ಬೆಂಚಿನ ಮೇಲಿಟ್ಟು, ಸಿಸ್ಟರ್ ಕಡೆ ತಿರುಗಿ, ಇವತ್ತು ಇವರು ಕೂರಲಿ, ಮಧ್ಯಾಹ್ನದ ಸರದಿಯಲ್ಲಿ ಜಾಗ ಬಿದ್ದರೆ ನಾನು ಕೂರುತ್ತೇನೆ, ಬೀಳದಿದ್ದರೆ ನಾಳೆ ಬರುತ್ತೇನೆ ಎಂದರು. ಸಿಸ್ಟರ್ ಹೊದಿಕೆ ತೆಗೆದರು. ಮುಂದಿನ ಸಲ ಕುರ್ಚಿ ಯಾರದು ಎಂಬುದನ್ನು ಮುಂದಿನ ಸಲ ನೋಡೋಣ ಎಂದು ಅಣ್ಣನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಎರಡು ಸರದಿಯ ನಡುವೆ ತೂಕ ಎಷ್ಟು ಏರಿದೆಯೋ ಅಷ್ಟೂ ಮೈಯಲ್ಲಿ ನಿಂತ ನೀರು. ಏರಿರುವುದು ದಿನಕ್ಕೆ ಗೊತ್ತುಮಾಡಿದ ನೀರಿನ ಲೆಕ್ಕದಷ್ಟೇ, ಬಾವು ಕಾಯಿಲೆಯದು, ಹೆಚ್ಚಿಗೆ ಕುಡಿದದ್ದಲ್ಲ ಎಂದರು.

ನಾನು ಹೊರಗೆ ಬಂದು ವ್ಯಾನಿಗೆ ಒರಗಿ ನಿಂತೆ. ಕೊಳೆ ಬಟ್ಟೆಗೆ ಕಾಯುತ್ತಿದ್ದ ಹೋಟೆಲುಗಳು ಒಂದರ ಹಿಂದೊಂದು ಫೋನ್ ಮಾಡುತ್ತಿದ್ದವು, ಎತ್ತಲಿಲ್ಲ. ಆಮೇಲೆ ಅತ್ತಿಗೆಯ ಫೋನ್ ಬಂತು. ಅವರು ಹಲೋ ಕೂಡ ಅನ್ನಲಿಲ್ಲ. ತೂಕ ಎಷ್ಟು ಬಂತು, ಕದ್ದು ಕುಡಿದದ್ದು ಸಿಸ್ಟರಿಗೆ ಗೊತ್ತಾಯಿತಾ, ಬೈದರಾ ಎಂದು ಒಂದೇ ಉಸಿರಿಗೆ ಕೇಳಿದರು.

"ಅವನು ಕುಡಿದಿಲ್ಲ ಅತ್ತಿಗೆ," ಎಂದೆ.

ಮತ್ತೆ ಏನು ಮಾಡಿದ ಆ ನೀರನ್ನೆಲ್ಲ ಎಂದು ಅತ್ತಿಗೆ ರೇಗಿದರು. ಹೇಳಬೇಕೆಂದು ಬಾಯಿ ತೆರೆದೆ. ಅಳು ಬಂದುಬಿಟ್ಟಿತು. ಅತ್ತಿಗೆ ಆ ಕಡೆಯಿಂದ ಏನಾಯಿತು, ಏನಾಯಿತು ಎಂದು ಕೇಳುತ್ತಲೇ ಇದ್ದರು.